ನೀಲಗಿರಿಯ ಮೇಲೊಂದು ಮೇಷ್ಟರ ಕೆಲಸ

ಮೈಸೂರಿನಿಂದ ಊಟಿಗೆ ಹೋಗುವ ಬಸ್ಸಿನಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಜನ ಇರುತ್ತಾರೆ. ಹೊಸ ಸ್ವೆಟರನ್ನು ನಂಜನಗೂಡಿನಲ್ಲೇ ತೊಟ್ಟು ಬೆವರುವ ಪ್ರವಾಸಿಗರು ಮೊದಲನೆಯವರು. ಗುಂಡ್ಲುಪೇಟೆಯಲ್ಲಿ ಹತ್ತಿ ಗೂಡಲೂರಿನಲ್ಲಿ ಇಳಿಯುವ ವ್ಯಾಪಾರದವರು ಎರಡನೆಯವರು. ಮೂರನೆಯವರನ್ನು ಗುರುತಿಸುವುದು ಸ್ವಲ್ಪ ಕಷ್ಟ. ಅವರ ತೊಡೆಯ ಮೇಲೆ ಒಂದು ಪ್ಲಾಸ್ಟಿಕ್ ಫೈಲು ಇರುತ್ತದೆ. ಬಂಡೀಪುರದಲ್ಲಿ ಆನೆ ಕಂಡಿತೆಂದು ಬಸ್ಸಿಗೆ ಬಸ್ಸೇ ಒಂದು ಪಕ್ಕದ ಕಿಟಕಿಗೆ ಮುಗಿಬಿದ್ದಾಗಲೂ ಅವರು ಫೈಲು ಜಾರದಂತೆ ಹಿಡಿದು ಕೂತಿರುತ್ತಾರೆ. ಅದರೊಳಗೆ ಬಿ.ಎಡ್. ಸರ್ಟಿಫಿಕೇಟಿನ ಜೆರಾಕ್ಸು, ಹಿಂದಿನ ಶಾಲೆಯ ಅನುಭವ ಪತ್ರ, ಸಂದರ್ಶನಕ್ಕೆ ಬರಹೇಳಿದ ಕಾಗದ. ಬೆಟ್ಟದ ಮೇಲಿನ ಯಾವುದೋ ಖಾಸಗಿ ಶಾಲೆಯಲ್ಲಿ ಮೇಷ್ಟರ ಕೆಲಸ ಕೇಳಲು ಹೊರಟವರು ಅವರು.

ಊಟಿಯ ಬಗ್ಗೆ ಬರೆಯುವವರು ಬೊಟಾನಿಕಲ್ ಗಾರ್ಡನ್, ಕೆರೆ, ದೊಡ್ಡಬೆಟ್ಟ ಎಂದು ಮೂರು ಹೆಸರು ಹೇಳಿ ಮುಗಿಸುತ್ತಾರೆ. ಆದರೆ ನೀಲಗಿರಿ ಬೆಟ್ಟಕ್ಕೆ ಚಹಾ, ಆಲೂಗೆಡ್ಡೆ, ಪ್ರವಾಸೋದ್ಯಮಗಳ ಜೊತೆಗೆ ಇನ್ನೊಂದು ಬೆಳೆಯೂ ಇದೆ. ಅದು ಶಾಲೆ. ನೂರೈವತ್ತು ವರ್ಷಗಳಿಗೂ ಮಿಕ್ಕಿ ಇಲ್ಲಿಗೆ ಮಕ್ಕಳು ದೂರದಿಂದ ಬಂದು ಓದುತ್ತಿದ್ದಾರೆ. ಮಕ್ಕಳು ದೂರದಿಂದ ಬಂದಲ್ಲಿಗೆ ಮೇಷ್ಟರೂ ದೂರದಿಂದಲೇ ಬರಬೇಕಾಗುತ್ತದೆ. ಹಾಗೆ ಬರುವವರಲ್ಲಿ ಕನ್ನಡಿಗರ ಪಾಲೂ ಇದೆ.

ಕೆಲವರು ಕೆಲಸವನ್ನೇ ಹುಡುಕಿಕೊಂಡು ಬರುತ್ತಾರೆ. ಇನ್ನು ಕೆಲವರಿಗೆ ಊರು ಮೊದಲು, ಕೆಲಸ ಆಮೇಲೆ. ಗಂಡನಿಗೋ ಹೆಂಡತಿಗೋ ಇಲ್ಲಿಗೆ ವರ್ಗವಾಗಿರುತ್ತದೆ. ವೆಲಿಂಗ್ಟನ್‌ನಲ್ಲಿ ಸೇನೆಯ ಸ್ಟಾಫ್ ಕಾಲೇಜಿದೆ. ದೇಶವಿಭಜನೆಯ ನಂತರ ಕ್ವೆಟ್ಟಾದಿಂದ ಬೇರ್ಪಟ್ಟು ಇಲ್ಲಿ ನೆಲೆಯಾದದ್ದು. ಅರವಂಕಾಡಿನಲ್ಲಿ ಕಾರ್ಡೈಟ್ ಕಾರ್ಖಾನೆ, ಕೂನೂರಿನಲ್ಲಿ 1907ರ ಪಾಶ್ಚರ್ ಸಂಸ್ಥೆ, ಊಟಿಯ ಹೊರಗೆ ಮುತ್ತೋರೆಯ ಇಳಿಜಾರಿನಲ್ಲಿ 1970ರಿಂದ ಆಕಾಶಕ್ಕೆ ಕಿವಿಗೊಟ್ಟು ನಿಂತ ರೇಡಿಯೋ ದೂರದರ್ಶಕ, ಜೊತೆಗೆ ಬ್ಯಾಂಕುಗಳು, ಚಹಾ ತೋಟಗಳು. ಇವುಗಳಿಗೆ ವರ್ಗವಾಗಿ ಬಂದವರ ಮನೆಯಲ್ಲಿ ಬಿ.ಎಡ್. ಮಾಡಿದ ಒಬ್ಬರಿದ್ದರೆ ಮೊದಲ ವಾರವೇ ಪ್ರಶ್ನೆ ಏಳುತ್ತದೆ: ಇಲ್ಲಿ ಯಾವ ಶಾಲೆಯಲ್ಲಿ ಕೇಳಬೇಕು?

ರೈಲಿನ ದಾರಿಯಲ್ಲೇ ಶಾಲೆಗಳು

ಈ ಪ್ರಶ್ನೆಗೆ ಉತ್ತರ ಹುಡುಕಲು ಒಳ್ಳೆಯ ದಾರಿಯೆಂದರೆ ಉದಕಮಂಡಲದ ನಿಲ್ದಾಣದಲ್ಲಿ ಕೂನೂರಿಗೆ ಟಿಕೆಟು ತೆಗೆದು ಪುಟ್ಟ ರೈಲಿನಲ್ಲಿ ಕೂರುವುದು. 1908ರಲ್ಲಿ ಊಟಿಯನ್ನು ಮುಟ್ಟಿದ, 2005ರಲ್ಲಿ ಯುನೆಸ್ಕೋ ಪರಂಪರೆಯ ಪಟ್ಟಿಗೆ ಸೇರಿದ ಈ ರೈಲು ಸುಮಾರು ಒಂದು ಗಂಟೆಯಲ್ಲಿ ಐದು ನಿಲ್ದಾಣಗಳನ್ನು ತೋರಿಸುತ್ತದೆ. ಈ ದಾರಿಯುದ್ದಕ್ಕೂ ಶಾಲೆಗಳ ಚರಿತ್ರೆಯೇ ಹರಡಿಕೊಂಡಿದೆ.

ಹೊರಡುವ ಮುನ್ನ ಊಟಿಯದೇ ಮಾತು. ಬೊಟಾನಿಕಲ್ ಗಾರ್ಡನ್ನಿನ ಬಳಿಯ ಲಷಿಂಗ್ಟನ್ ಹಾಲ್‌ನಲ್ಲಿ ಹೆಬ್ರಾನ್ ಶಾಲೆ ಇದೆ. 1899ರಲ್ಲಿ ಕೂನೂರಿನಲ್ಲಿ ಹುಟ್ಟಿ ಆಮೇಲೆ ಊಟಿಗೆ ಬಂದದ್ದು. ಬ್ರಿಟಿಷ್ ಮಾದರಿಯ ಪಠ್ಯಕ್ರಮ. 1961ರಲ್ಲಿ ಎಫ್. ಗಾರ್ಡನ್ ಪಿಯರ್ಸ್ ಕಟ್ಟಿದ್ದು ಬ್ಲೂ ಮೌಂಟನ್ ಶಾಲೆ. ಪಿಯರ್ಸ್ ಅದಕ್ಕೆ ಮುಂಚೆ ನಮ್ಮ ಕೋಲಾರದ ಗಡಿಯಾಚೆಗಿನ ಮದನಪಲ್ಲಿಯ ಹತ್ತಿರದ ರಿಷಿ ವ್ಯಾಲಿ ಶಾಲೆಯಲ್ಲಿ ಮುಖ್ಯಸ್ಥರಾಗಿದ್ದವರು. ಊರಾಚೆ 1977ರಲ್ಲಿ ಆರಂಭವಾದ ಗುಡ್ ಶೆಪರ್ಡ್ ಇಂಟರ್‌ನ್ಯಾಷನಲ್ ಶಾಲೆ ಇದೆ.

ರೈಲು ಹೊರಟು ಮೊದಲು ನಿಲ್ಲುವುದು ಲವ್‌ಡೇಲ್‌ನಲ್ಲಿ. ಇಲ್ಲಿನ ಲಾರೆನ್ಸ್ ಶಾಲೆ 1858ರದು. ಹಿಂದಿನ ವರ್ಷ ಲಖನೌದ ಮುತ್ತಿಗೆಯಲ್ಲಿ ಸತ್ತ ಸರ್ ಹೆನ್ರಿ ಲಾರೆನ್ಸ್ ಹೆಸರಿನಲ್ಲಿ ಬ್ರಿಟಿಷ್ ಸಿಪಾಯಿಗಳ ಮಕ್ಕಳಿಗೆಂದು ತೆರೆದದ್ದು, 1949ರಲ್ಲಿ ಎಲ್ಲರ ಮಕ್ಕಳಿಗೂ ಬಾಗಿಲು ತೆರೆದ ಪಬ್ಲಿಕ್ ಶಾಲೆಯಾಯಿತು. ಲೇಖಕಿ ಅರುಂಧತಿ ರಾಯ್ ಓದಿದ್ದು ಇಲ್ಲೇ.

ಮುಂದಿನದು ಕೇತಿ. ಕಣಿವೆಯ ತುಂಬ ಕ್ಯಾರೆಟ್, ಕೋಸು, ಆಲೂಗೆಡ್ಡೆಯ ಮೆಟ್ಟಿಲು ಹೊಲಗಳು. ನಡುನಡುವೆ ಬಡಗರ ಹಟ್ಟಿಗಳು. ಇಲ್ಲಿನ ಲೇಡ್ಲಾ ಸ್ಮಾರಕ ಶಾಲೆ 1914ರಲ್ಲಿ ಕೊಡೈಕನಾಲಿನಲ್ಲಿ ಅನಾಥ ಮಕ್ಕಳ ಆಶ್ರಯವಾಗಿ ಹುಟ್ಟಿ 1922ರಲ್ಲಿ ಕೇತಿಗೆ ಬಂತು. ಅಂದರೆ ಈ ಬೆಟ್ಟದಲ್ಲಿ ಮೇಷ್ಟರು ಮಾತ್ರವಲ್ಲ, ಶಾಲೆಗಳೂ ಊರು ಬದಲಿಸಿಕೊಂಡು ಬಂದಿವೆ. ಆಮೇಲೆ ಅರವಂಕಾಡು, ವೆಲಿಂಗ್ಟನ್, ಕೊನೆಗೆ ಕೂನೂರು. ಇಲ್ಲೆಲ್ಲ ಕ್ರೈಸ್ತ ಸಂಸ್ಥೆಗಳವು, ದಂಡಿನವು, ಟ್ರಸ್ಟುಗಳವು ಎಂದು ಹಗಲು ಶಾಲೆಗಳೇ ಹೆಚ್ಚು.

ಎರಡು ಬಗೆಯ ಕೆಲಸ

ಹಗಲು ಶಾಲೆಯ ಕೆಲಸ, ವಸತಿ ಶಾಲೆಯ ಕೆಲಸ ಎರಡಕ್ಕೂ ಹೆಸರು ಒಂದೇ ಆದರೂ ಬದುಕು ಬೇರೆ ಬೇರೆ. ಹಗಲು ಶಾಲೆಯಲ್ಲಿ ಸಂಜೆ ನಾಲ್ಕಕ್ಕೆ ನೀವು ನಿಮ್ಮವರು. ಮನೆ ನೀವೇ ಹುಡುಕಿಕೊಳ್ಳಬೇಕು, ಬಾಡಿಗೆ ನೀವೇ ಕಟ್ಟಬೇಕು. ಪ್ರವಾಸಿಗರಿಗೆ ದಿನಬಾಡಿಗೆಗೆ ಮನೆ ಕೊಟ್ಟು ರೂಢಿಯಾದ ಊರಿನಲ್ಲಿ ತಿಂಗಳ ಬಾಡಿಗೆಗೆ ಮನೆ ಸಿಗುವುದು ಸಲೀಸಲ್ಲ. ವರ್ಗವಾಗಿ ಬಂದವರಿಗೆ ಕ್ವಾರ್ಟರ್ಸ್ ಇರುವುದರಿಂದ ಅವರಿಗೆ ಹಗಲು ಶಾಲೆಯೇ ಸರಿ. ಅದರಲ್ಲೂ ಸೇನೆಯವರ ಮನೆಯವರಿಗೆ ಒಂದು ಅನುಕೂಲವಿದೆ. ಆರ್ಮಿ ಪಬ್ಲಿಕ್ ಶಾಲೆಗಳು ಇಡೀ ದೇಶಕ್ಕೆ ಒಂದೇ ಅರ್ಹತಾ ಪರೀಕ್ಷೆ ನಡೆಸುತ್ತವೆ. ಅದರಲ್ಲಿ ಪಾಸಾದ ಅಂಕಪಟ್ಟಿ ವೆಲಿಂಗ್ಟನ್‌ಗೂ ಆಯಿತು, ನಾಳೆ ಜಬಲ್ಪುರಕ್ಕೆ ಹೋದರೆ ಅಲ್ಲಿಗೂ ಆಯಿತು. ಸ್ಟಾಫ್ ಕಾಲೇಜಿನ ತರಬೇತಿ ಹತ್ತು ಹನ್ನೊಂದು ತಿಂಗಳಿನದು. ಅಷ್ಟರಲ್ಲೇ ಹೊರಟುಹೋಗುವವರನ್ನು ಖಾಯಂ ಹುದ್ದೆಗೆ ಯಾರೂ ತೆಗೆದುಕೊಳ್ಳುವುದಿಲ್ಲ. ಹೆರಿಗೆ ರಜೆಯ ಬದಲಿ, ವರ್ಷದ ನಡುವೆ ತೆರವಾದ ಸ್ಥಾನ, ಇಂಥವು ಸಿಕ್ಕಾವು. ಬರುವುದು ಎಷ್ಟು ತಿಂಗಳಿಗೆಂದು ಮೊದಲೇ ಹೇಳಿದರೆ ಮುಖ್ಯೋಪಾಧ್ಯಾಯರು ಬೇಸರಪಡುವುದಿಲ್ಲ, ಮುಚ್ಚಿಟ್ಟರೆ ಬೇಸರಪಡುತ್ತಾರೆ.

ವಸತಿ ಶಾಲೆಯ ಲೆಕ್ಕವೇ ಬೇರೆ. ಅಲ್ಲಿ ಪಾಠ ಹೇಳುವುದು ಕೆಲಸದ ಅರ್ಧ ಭಾಗ. ಬೆಳಗಿನ ವ್ಯಾಯಾಮ, ಮಧ್ಯಾಹ್ನದ ಆಟ, ರಾತ್ರಿಯ ಓದಿನ ಹೊತ್ತಿಗೆ ಮಕ್ಕಳ ಬಳಿ ಕೂರುವುದು, ಭಾನುವಾರದ ಸರದಿ ಇವೆಲ್ಲ ಇನ್ನರ್ಧ. ಅಲ್ಲಿ ‘ನಿಮ್ಮ ವಿಷಯ ಯಾವುದು’ ಎಂದು ಕೇಳಿದ ಮರುಕ್ಷಣವೇ ‘ಯಾವ ಆಟ ಆಡಿಸುತ್ತೀರಿ’ ಎಂದು ಕೇಳುತ್ತಾರೆ. ಭೌತಶಾಸ್ತ್ರದ ಜೊತೆಗೆ ಹಾಕಿ ಗೊತ್ತಿರುವವರು, ಇಂಗ್ಲಿಷಿನ ಜೊತೆಗೆ ನಾಟಕ ಆಡಿಸಬಲ್ಲವರು ಇಲ್ಲಿ ಒಂದು ಹೆಜ್ಜೆ ಮುಂದೆ. ದಂಪತಿಗಳಿಬ್ಬರೂ ಮೇಷ್ಟರಾಗಿದ್ದರೆ ಎರಡು ಹೆಜ್ಜೆ ಮುಂದೆ. ಒಂದೇ ಮನೆ ಕೊಟ್ಟು ಶಾಲೆಗೆ ಇಬ್ಬರು ಸಿಗುತ್ತಾರೆ.

ಬೆಟ್ಟಕ್ಕೆ ಯಾವ ತಿಂಗಳಲ್ಲಿ ಹತ್ತಬೇಕು?

ಸರ್ಕಾರಿ ಮೇಷ್ಟರಿಗೆ ವರ್ಗಾವಣೆಯ ಕೌನ್ಸೆಲಿಂಗ್ ಇದೆ, ಜ್ಯೇಷ್ಠತೆಯ ಪಟ್ಟಿ ಇದೆ. ಖಾಸಗಿ ಶಾಲೆಯವರಿಗೆ ಇವೆರಡೂ ಇಲ್ಲ. ಇಲ್ಲಿ ಒಂದೊಂದು ಶಾಲೆಯೂ ಒಂದೊಂದು ಸಂಸ್ಥಾನ. ಬೆಂಗಳೂರಿನಲ್ಲಿ ಹದಿನೈದು ವರ್ಷ ಪಾಠ ಹೇಳಿದವರಿಗೂ ಬೆಟ್ಟದ ಮೇಲೆ ಮೊದಲ ವರ್ಷ ಪ್ರೊಬೇಷನ್ನೇ. ಅನುಭವ ಜೊತೆಗೆ ಬರುತ್ತದೆ, ಜ್ಯೇಷ್ಠತೆ ಬರುವುದಿಲ್ಲ.

ಹೊಸ ಶೈಕ್ಷಣಿಕ ವರ್ಷ ಬಹುಪಾಲು ಕಡೆ ಜೂನ್ ಆಸುಪಾಸು, ವಿದೇಶಿ ಪಠ್ಯಕ್ರಮದ ಶಾಲೆಗಳಲ್ಲಿ ಆಗಸ್ಟ್ ಹೊತ್ತಿಗೆ ಶುರುವಾಗುತ್ತದೆ. ಆದ್ದರಿಂದ ಜನವರಿಯಿಂದ ಮಾರ್ಚಿಯವರೆಗೆ ಜಾಹೀರಾತುಗಳ ಮೇಲೆ ಕಣ್ಣಿಡಬೇಕು. ಜಾಹೀರಾತಿಗೆ ಕಾಯದೆ ಶಾಲೆಗೆ ನೇರವಾಗಿ ಬರೆಯುವವರೂ ಇದ್ದಾರೆ. ‘ಯಾವ ಹುದ್ದೆಯಾದರೂ ಸರಿ’ ಎಂದು ಬರೆದ ಅರ್ಜಿ ಮೂಲೆ ಸೇರುತ್ತದೆ. ಯಾವ ಪಠ್ಯಕ್ರಮ, ಯಾವ ತರಗತಿ, ಯಾವ ವಿಷಯ ಎಂದು ಸ್ಪಷ್ಟವಾಗಿ ಬರೆದದ್ದು ಫೈಲಿನಲ್ಲಿ ಉಳಿಯುತ್ತದೆ.

ಕಾಗದಪತ್ರಗಳ ವಿಷಯದಲ್ಲಿ ಒಂದು ಮಾತು. ಒಂದರಿಂದ ಎಂಟನೆಯ ತರಗತಿಯವರೆಗೆ ಪಾಠ ಹೇಳುವವರಿಗೆ ಟಿ.ಇ.ಟಿ. ಪಾಸಾಗಿರಬೇಕೆಂದು ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಮಂಡಳಿ 2010ರಲ್ಲಿ ನಿಗದಿ ಮಾಡಿತು. ರಾಜ್ಯ ರಾಜ್ಯಕ್ಕೂ ಬೇರೆ ಪರೀಕ್ಷೆ ಇರುವುದರಿಂದ ಊರು ಬದಲಿಸುವ ಅಂದಾಜಿರುವವರಿಗೆ ಕೇಂದ್ರದ ಸಿ.ಟಿ.ಇ.ಟಿ. ಕೈಯಲ್ಲಿರುವುದು ಕ್ಷೇಮ. ಹಿಂದಿನ ಶಾಲೆಯ ಬಿಡುಗಡೆ ಪತ್ರವಿಲ್ಲದೆ ಹೊಸ ಶಾಲೆ ಸೇರಿಸಿಕೊಳ್ಳುವುದು ಅನುಮಾನ. ಮಕ್ಕಳ ಜೊತೆ ಹಗಲಿರುಳು ಇರುವ ಕೆಲಸವಾದ್ದರಿಂದ ಪೊಲೀಸ್ ಪರಿಶೀಲನೆಯ ಪತ್ರವನ್ನೂ ಕೇಳುತ್ತಾರೆ. ಮೂಲ ಸರ್ಟಿಫಿಕೇಟನ್ನು ತೋರಿಸಿ ವಾಪಸು ತನ್ನಿ; ಯಾರ ಬೀರುವಿನಲ್ಲೂ ಬಿಟ್ಟು ಬರಬೇಡಿ.

ಸಂದರ್ಶನಕ್ಕೆ ಕರೆದ ವಸತಿ ಶಾಲೆ ಸಾಮಾನ್ಯವಾಗಿ ಒಂದು ದಿನವಾದರೂ ಉಳಿಸಿಕೊಳ್ಳುತ್ತದೆ. ಒಂದು ತರಗತಿಗೆ ಪಾಠ ಮಾಡಿಸುತ್ತಾರೆ. ಮಧ್ಯಾಹ್ನ ಮಕ್ಕಳ ಜೊತೆ ಊಟಕ್ಕೆ ಕೂರಿಸುತ್ತಾರೆ. ನೋಡುವವರು ಊಟದ ಹೊತ್ತಿನಲ್ಲೂ ನೋಡುತ್ತಿರುತ್ತಾರೆ. ನೀವೂ ನೋಡಬೇಕು. ನಿಮಗೆ ಕೊಡುವ ಮನೆ ಯಾವುದು, ಅದರ ಗೋಡೆಯಲ್ಲಿ ತೇವ ಎಷ್ಟು, ಮಕ್ಕಳ ಹಾಸ್ಟೆಲಿಗೂ ಅದಕ್ಕೂ ನಡುವೆ ಬಾಗಿಲು ಇದೆಯೋ ಬರೀ ಪರದೆಯೋ? ಹಾಸನದ ಕಡೆಯಿಂದ ಬಂದ ಗಣಿತದ ಮೇಷ್ಟರೊಬ್ಬರು ಊಟಿಯ ಚೇರಿಂಗ್ ಕ್ರಾಸಿನಲ್ಲಿ ಚಹಾ ಕುಡಿಯುತ್ತ ಹೇಳಿದ್ದಿಷ್ಟು: ‘ಸಂಬಳ ಎಷ್ಟು ಅಂತ ಎಲ್ರೂ ಕೇಳ್ತಾರೆ ಸಾರ್. ರಾತ್ರಿ ಹುಡುಗನಿಗೆ ಜ್ವರ ಬಂದ್ರೆ ಯಾರ ಬಾಗಿಲು ಬಡೀತಾರೆ ಅಂತ ಯಾರೂ ಕೇಳಲ್ಲ. ನಾನೂ ಕೇಳಿರಲಿಲ್ಲ. ಬಡಿದದ್ದು ನನ್ನ ಬಾಗಿಲೇ.’ ಅವರ ಮಾತಿನಲ್ಲಿ ದೂರಿಗಿಂತ ಅಭಿಮಾನವೇ ಹೆಚ್ಚಾಗಿತ್ತು.

ಇನ್ನೊಂದು: ಮೇ ತಿಂಗಳಲ್ಲಿ ಊಟಿ ನೋಡಿ ಕೆಲಸ ಒಪ್ಪಿಕೊಳ್ಳಬೇಡಿ. ಮೇ ತಿಂಗಳಿನಲ್ಲಿ ಇಲ್ಲಿ ಎಲ್ಲರೂ ಸುಖಿಗಳೇ. ಜುಲೈಯಲ್ಲಿ ಬನ್ನಿ. ಒಗೆದ ಬಟ್ಟೆ ನಾಲ್ಕು ದಿನ ಹಗ್ಗದ ಮೇಲೇ ಇರುತ್ತದೆ. ಅಕ್ಟೋಬರ್, ನವೆಂಬರಿನಲ್ಲಿ ಹಿಂಗಾರು ಕೂನೂರಿನ ಕಡೆಯಿಂದ ಹತ್ತುತ್ತದೆ. ಮೇಟುಪಾಳ್ಯದ ಘಾಟಿಯಲ್ಲಿ ಗುಡ್ಡ ಕುಸಿದು ರೈಲು ನಿಲ್ಲುತ್ತದೆ. ಡಿಸೆಂಬರ್, ಜನವರಿಯಲ್ಲಿ ಬೆಳಗ್ಗೆ ಹುಲ್ಲಿನ ಮೇಲೆ ಹಿಮ ಬಿಳಿಯಾಗಿ ಕೂತಿರುತ್ತದೆ. 2240 ಮೀಟರ್ ಎತ್ತರದ ಈ ಊರಿನಲ್ಲಿ ವಯಸ್ಸಾದ ಅತ್ತೆ ಮಾವಂದಿರನ್ನು ಇಟ್ಟುಕೊಳ್ಳಬಹುದೇ ಎಂಬುದನ್ನು ಜುಲೈ ತಿಂಗಳು ಹೇಳುತ್ತದೆ, ಮೇ ತಿಂಗಳು ಹೇಳುವುದಿಲ್ಲ.

ರಾತ್ರಿ ಒಂಬತ್ತರ ಗೇಟು

ಅತ್ತೆ ಮಾವಂದಿರ ಮಾತು ಬಂದದ್ದರಿಂದ ದಾರಿಯ ಮಾತನ್ನೂ ಹೇಳಬೇಕು. ಮೈಸೂರಿಗೂ ಊಟಿಗೂ ದೂರ ಹೆಚ್ಚಿಲ್ಲ. ತೆಪ್ಪಕಾಡಿನಲ್ಲಿ ಎಡಕ್ಕೆ ಹೊರಳಿ ಮಸಿನಗುಡಿ, ಕಲ್ಲಟ್ಟಿಯ 36 ತಿರುವುಗಳನ್ನು ಹತ್ತಿದರೆ ಸುಮಾರು 125 ಕಿಲೋಮೀಟರ್. ಗೂಡಲೂರಿನ ಮೇಲೆ ಹೋದರೆ ಅದಕ್ಕಿಂತ ಮೂವತ್ತು ಮೂವತ್ತೈದು ಹೆಚ್ಚು. ನಾಲ್ಕೈದು ಗಂಟೆಯ ದಾರಿ. ‘ಏನಾದರೂ ಆದರೆ ಬಂದುಬಿಡುತ್ತೇನಮ್ಮ’ ಎಂದು ತಾಯಿಗೆ ಹೇಳಿ ಬರುವಷ್ಟು ಹತ್ತಿರ.

ಆದರೆ ಆ ದಾರಿ ಹುಲಿ, ಆನೆಗಳ ಕಾಡಿನ ನಡುವೆ ಹೋಗುತ್ತದೆ. ವಾಹನಗಳ ಅಡಿಗೆ ಸಿಕ್ಕು ಪ್ರಾಣಿಗಳು ಸಾಯುತ್ತಿದ್ದುದರಿಂದ 2009ರಿಂದ ಬಂಡೀಪುರದ ರಸ್ತೆಯನ್ನು ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಮುಚ್ಚುತ್ತಾರೆ. ಆಂಬುಲೆನ್ಸಿನಂಥ ತುರ್ತು ವಾಹನಗಳಿಗೆ, ಎಣಿಕೆಯ ಬಸ್ಸುಗಳಿಗೆ ಮಾತ್ರ ವಿನಾಯಿತಿ. ಸ್ವಂತ ಕಾರಿಗೆ ಇಲ್ಲ. ನಿಯಮ ಸರಿಯಾದದ್ದೇ, ಕಾಡಿನದೂ ಒಂದು ರಾತ್ರಿ ಇರಬೇಕಲ್ಲ. ಆದರೆ ಬೆಟ್ಟದ ಮೇಲೆ ಕೆಲಸ ಹಿಡಿಯುವ ಮೈಸೂರಿನವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ರಾತ್ರಿ ಹತ್ತು ಗಂಟೆಗೆ ‘ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ್ದೇವೆ’ ಎಂದು ತಮ್ಮ ಫೋನು ಮಾಡಿದರೆ ನಕ್ಷೆಯ ಪ್ರಕಾರ ನೀವು ನಾಲ್ಕು ಗಂಟೆ ದೂರದಲ್ಲಿದ್ದೀರಿ. ನಿಜಕ್ಕೂ ಇರುವುದು ಇಡೀ ಒಂದು ರಾತ್ರಿಯ ದೂರದಲ್ಲಿ. ಅಂಥ ರಾತ್ರಿಯನ್ನು ಕಳೆದವರು ಇಲ್ಲಿನ ಮೇಷ್ಟರಲ್ಲಿ ಇದ್ದಾರೆ. ಮಾತಿನ ನಡುವೆ ಅವರು ಅದನ್ನು ಒಂದೇ ವಾಕ್ಯದಲ್ಲಿ ಹೇಳಿ ಬೇರೆ ಮಾತಿಗೆ ಹೋಗುತ್ತಾರೆ.

ಮನೆ ಎಂಬ ಸಂಬಳ

ವಸತಿ ಶಾಲೆಯ ಸಂಬಳವನ್ನು ಬೆಂಗಳೂರಿನ ಸಂಬಳದ ಪಕ್ಕಕ್ಕಿಟ್ಟು ನೋಡಿ ಕಡಿಮೆ ಎಂದು ಬಿಟ್ಟುಬಿಡುವವರಿದ್ದಾರೆ. ಅವರು ಅರ್ಧ ಲೆಕ್ಕ ಮಾತ್ರ ಮಾಡಿರುತ್ತಾರೆ. ಮನೆಗೆ ಬಾಡಿಗೆ ಇಲ್ಲ, ಶಾಲೆ ನಡೆಯುವ ತಿಂಗಳುಗಳಲ್ಲಿ ಊಟವೂ ಮೆಸ್ಸಿನಲ್ಲೇ. ಎಲ್ಲಕ್ಕಿಂತ ದೊಡ್ಡದು, ಲಕ್ಷಗಟ್ಟಲೆ ಶುಲ್ಕದ ಶಾಲೆಯಲ್ಲಿ ಮೇಷ್ಟರ ಮಕ್ಕಳಿಗೆ ರಿಯಾಯಿತಿ. ಇದನ್ನು ಬಾಯಿಮಾತಿನಲ್ಲಿ ಬಿಡಬಾರದು. ಎಷ್ಟು ಮಕ್ಕಳಿಗೆ, ಯಾವ ತರಗತಿಯವರೆಗೆ, ಪ್ರೊಬೇಷನ್ನಿನ ವರ್ಷದಲ್ಲೂ ಉಂಟೋ ಎಂದು ನೇಮಕದ ಪತ್ರದಲ್ಲಿ ಬರೆಸಿಕೊಳ್ಳಬೇಕು. ಜೊತೆಗೆ ಇನ್ನೊಂದು ಸಂಗತಿಗೂ ಮನಸ್ಸು ಸಿದ್ಧವಿರಲಿ: ನಿಮ್ಮ ಮಗಳು ದೀಪಾವಳಿ ರಜೆಗೆ ಗುಂಡ್ಲುಪೇಟೆಯ ಅಜ್ಜಿಮನೆಗೆ ಹೋಗಿ ಬಂದ ಕಥೆಯನ್ನು ಸಿಂಗಪುರಕ್ಕೆ ಹೋಗಿ ಬಂದ ಗೆಳತಿಯರ ನಡುವೆ ಕೂತು ಹೇಳಬೇಕಾಗುತ್ತದೆ. ಕೆಲವು ಮಕ್ಕಳು ಹೆಮ್ಮೆಯಿಂದ ಹೇಳುತ್ತವೆ. ಕೆಲವು ಸುಮ್ಮನಿರುತ್ತವೆ.

ಮಗುವಿನ ಭಾಷೆಯ ಪ್ರಶ್ನೆಯೂ ಇದೆ. ತಮಿಳುನಾಡು 2006ರ ಕಾನೂನಿನಿಂದ ಶಾಲೆಗಳಲ್ಲಿ ತಮಿಳು ಕಲಿಕೆಯನ್ನು ಹಂತಹಂತವಾಗಿ ಕಡ್ಡಾಯ ಮಾಡಿತು. ಕರ್ನಾಟಕದಲ್ಲಿ ಐದನೆಯ ತರಗತಿಯವರೆಗೆ ಕನ್ನಡ ಓದಿ ಬಂದ ಮಗುವಿಗೆ ಯಾವ ಪಠ್ಯಕ್ರಮದಲ್ಲಿ ಯಾವ ಭಾಷೆ ಎಂದು ಸೇರಿಸುವ ಮುಂಚೆಯೇ ಕೇಳಿಕೊಳ್ಳಿ. ಕನ್ನಡ ಅಕ್ಷರವನ್ನು ಮನೆಯಲ್ಲೇ ಉಳಿಸಿಕೊಳ್ಳಬೇಕಾಗುತ್ತದೆ.

ಆದರೆ ಉಚಿತ ಮನೆಗೆ ಒಂದು ದಿನ ಬೆಲೆ ಕಟ್ಟಬೇಕಾಗುತ್ತದೆ. ಬಾಡಿಗೆ ಇಲ್ಲದ ಮನೆಯಲ್ಲಿ ಇಪ್ಪತ್ತೈದು ವರ್ಷ ಇದ್ದವರಿಗೆ ಮನೆ ಕಟ್ಟುವ ಅವಸರ ಹುಟ್ಟುವುದೇ ಇಲ್ಲ. ನಿವೃತ್ತಿಯ ದಿನ ಬೀಳ್ಕೊಡುಗೆಯ ಹಾರದ ಜೊತೆಗೇ ಬೀಗದ ಕೈಯನ್ನೂ ಒಪ್ಪಿಸಬೇಕು. ಪಿಂಚಣಿ ಎಂದು ಹೇಳಿಕೊಳ್ಳುವಂಥದ್ದು ಇಲ್ಲ. ಇರುವುದು ಭವಿಷ್ಯನಿಧಿ ಮತ್ತು ಗ್ರಾಚ್ಯುಟಿ. ಗ್ರಾಚ್ಯುಟಿ ಕೂಡ ಖಾಸಗಿ ಶಾಲೆಯ ಮೇಷ್ಟರಿಗೆ ಸುಲಭವಾಗಿ ಸಿಕ್ಕಿದ್ದಲ್ಲ. ಶಿಕ್ಷಕರು ‘ನೌಕರ’ರ ವ್ಯಾಖ್ಯೆಗೆ ಬರುವುದಿಲ್ಲವೆಂಬ ವಾದ ಬಹಳ ಕಾಲ ನಡೆಯಿತು. 2009ರ ತಿದ್ದುಪಡಿ ಅವರನ್ನೂ ಒಳಗೆ ಸೇರಿಸಿತು, ಅದೂ 1997ರ ಏಪ್ರಿಲ್ 3ರಿಂದ ಅನ್ವಯವಾಗುವಂತೆ. ಅದನ್ನು ಪ್ರಶ್ನಿಸಿ ಖಾಸಗಿ ಶಾಲೆಗಳು ಹೋದಾಗ 2022ರಲ್ಲಿ ಸುಪ್ರೀಂ ಕೋರ್ಟು ಮೇಷ್ಟರ ಪರವಾಗಿಯೇ ತೀರ್ಪು ಕೊಟ್ಟಿತು. ಊರು ಬದಲಿಸಿದಾಗ ಭವಿಷ್ಯನಿಧಿಯ ಹಣವನ್ನು ಬಿಡಿಸಿಕೊಂಡು ಖರ್ಚು ಮಾಡದೆ ಹೊಸ ಶಾಲೆಯ ಖಾತೆಗೆ ವರ್ಗಾಯಿಸಿಕೊಳ್ಳುವುದು ಜಾಣತನ. ಇಲ್ಲಿ ಬಹುಕಾಲ ಇದ್ದವರು ಹೊಸಬರಿಗೆ ಕೊಡುವ ಮೊದಲ ಸಲಹೆಯೂ ಇದೇ ಜಾತಿಯದು: ಮೊದಲ ಐದು ವರ್ಷದೊಳಗೆ ನಿಮ್ಮೂರಿನಲ್ಲಿ ಒಂದು ಸೈಟು ಮಾಡಿಕೊಳ್ಳಿ, ಬೆಟ್ಟದ ಮನೆ ನಿಮ್ಮದಲ್ಲ.

ಬಡಗಣದಿಂದ ಬಂದವರು

ಮೈಸೂರು ಸೀಮೆಯಿಂದ ಈ ಬೆಟ್ಟ ಹತ್ತಿದವರಲ್ಲಿ ಮೇಷ್ಟರು ಮೊದಲಿಗರಲ್ಲ. ನೀಲಗಿರಿಯ ದೊಡ್ಡ ಸಮುದಾಯವಾದ ಬಡಗರು ಶತಮಾನಗಳ ಹಿಂದೆ ಮೈಸೂರಿನ ಕಡೆಯಿಂದ ಬಂದವರೆಂದು ಅವರ ಐತಿಹ್ಯ. ಹೆಸರೇ ಹೇಳುತ್ತದೆ, ಬಡಗು ಎಂದರೆ ಉತ್ತರ. ಅವರ ನುಡಿಯನ್ನು ಕನ್ನಡದ ಉಪಭಾಷೆ ಎಂದವರಿದ್ದಾರೆ, ಸ್ವತಂತ್ರ ಭಾಷೆ ಎಂದವರೂ ಇದ್ದಾರೆ. ಊರು ಹಟ್ಟಿ, ಕುಡಿಯುವುದು ಹಾಲು, ಮಾಡುವುದು ಹಬ್ಬ, ನಾಡಿನ ಅತಿ ಎತ್ತರದ ಶಿಖರ ದೊಡ್ಡಬೆಟ್ಟ. ತಮಿಳು ಬಾರದೆ ಮೊದಲ ವಾರ ಕಂಗಾಲಾದ ಚಾಮರಾಜನಗರದ ಟೀಚರೊಬ್ಬರು ತರಕಾರಿ ಮಾರುವ ಬಡಗ ಹೆಂಗಸಿನ ಮುಂದೆ ಕನ್ನಡದಲ್ಲೇ ಚೌಕಾಸಿ ಮಾಡಿ ಗೆದ್ದು ಬಂದರಂತೆ.

ಇಲ್ಲಿನ ಶಾಲೆಗಳ ಚರಿತ್ರೆಯಲ್ಲೂ ಕನ್ನಡದ ಒಂದು ಎಳೆ ಇದೆ. ಲವ್‌ಡೇಲ್‌ನ ಶಾಲೆಗೂ ಮುಂಚೆ, 1840ರ ದಶಕದಲ್ಲಿ, ಕೇತಿಯಲ್ಲಿ ನೆಲೆಸಿದ್ದ ಕ್ಯಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶ ಬಡಗರ ಮಕ್ಕಳಿಗೆಂದು ಒಂದು ಶಾಲೆ ತೆರೆದ. ಆ ಕೆಲಸವನ್ನು ಮುಂದುವರಿಸಿದ ಬಾಸೆಲ್ ಮಿಷನ್ನಿನವರು ಪಾಠಕ್ಕೆ ಬಳಸಿದ್ದು ಕನ್ನಡವನ್ನು. ಹೆರ್ಮನ್ ಮೋಗ್ಲಿಂಗ್ ಹಳಗನ್ನಡ ಕಾವ್ಯಗಳನ್ನು ಕಲ್ಲಚ್ಚಿನಲ್ಲಿ ಹೊರತಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಗೆ ಹಣ ಒದಗಿಸಿದವನೂ ಇದೇ ಕ್ಯಾಸಮೇಜರ್. ಬೆಟ್ಟದ ಶಾಲೆಗೆ ಕನ್ನಡದ ಮೇಷ್ಟರು ಬೇಕಾಗಿದ್ದ ಕಾಲವೂ ಒಂದಿತ್ತು.

ಈಗ ಬೇಕಾಗಿರುವುದು ಇಂಗ್ಲಿಷಿನಲ್ಲಿ ಗಣಿತ, ರಸಾಯನಶಾಸ್ತ್ರ ಹೇಳುವ ಮೇಷ್ಟರು. ಬಡಗರು ಬಂದು ಸ್ವಂತ ಹೊಲ ಉತ್ತು, ಸ್ವಂತ ಹಟ್ಟಿ ಕಟ್ಟಿಕೊಂಡರು. ಮೇಷ್ಟರು ಬಂದು ಶಾಲೆಯ ಮನೆಯಲ್ಲಿದ್ದು ಬೇರೆಯವರ ಮಕ್ಕಳನ್ನು ಬೆಳೆಸುತ್ತಾರೆ. ಆ ಮಕ್ಕಳು ದೊಡ್ಡವರಾಗಿ ಎಲ್ಲೆಲ್ಲೋ ಹೋಗಿ, ಸ್ಥಾಪನಾ ದಿನಕ್ಕೆ ಬಂದವರು ‘ಸಾರ್ ಎಲ್ಲಿ?’ ಎಂದು ಹುಡುಕುತ್ತಾರೆ. ಸಾರ್ ಆ ಹೊತ್ತಿಗೆ ಮೈಸೂರಿನ ಕುವೆಂಪುನಗರದಲ್ಲೋ ಹಾಸನದಲ್ಲೋ ಪುಟ್ಟದೊಂದು ಮನೆಯಲ್ಲಿದ್ದರೆ, ಕೊಟ್ಟ ಸಲಹೆಯನ್ನು ಕಾಲಕ್ಕೆ ಸರಿಯಾಗಿ ಕೇಳಿದ್ದಾರೆಂದು ಅರ್ಥ. ಅಲ್ಲಿಯೂ ಅವರು ಬೆಳಗ್ಗೆ ಐದೂವರೆಗೇ ಏಳುತ್ತಾರೆ, ಸೆಖೆ ಎಂದು ಗೊಣಗುತ್ತಾರೆ, ಫೋನಿನಲ್ಲಿ ಹಳೆಯ ಹುಡುಗರ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ.